ನಮ್ಮೂರಾಗ ನೋಡೂದೇನೈತಿ?

2024ರಲ್ಲಿ ಆಫೀಸಿನವರು ನನ್ನನ್ನು ಐದು ತಿಂಗಳ ಮಟ್ಟಿಗೆ ಅಮೆರಿಕದ ಅಯೋವಾ ರಾಜ್ಯದ ಒಂದು ಸಣ್ಣ ಊರಿಗೆ ಕಳಿಸಿದ್ದರು. ಸಣ್ಣ ಊರು ಎಂದರೆ ನಿಜಕ್ಕೂ ಸಣ್ಣದು. ನಮ್ಮ ಬನಹಟ್ಟಿಯ ನಾಲ್ಕು ಓಣಿ ಜನ ಹೋಗಿ ನಿಂತರೆ ತುಂಬಿಹೋಗುವಷ್ಟು. ಸುತ್ತ ಎಲ್ಲಿ ನೋಡಿದರೂ ಗೋವಿನಜೋಳ. ಅದು ಮುಗಿಯಿತು ಅಂದುಕೊಂಡರೆ ಸೋಯಾ, ಸೋಯಾ ಮುಗಿದರೆ ಮತ್ತೆ ಗೋವಿನಜೋಳ. ಕಾರಿಲ್ಲದವನಿಗೆ ಅಲ್ಲಿ ವೀಕೆಂಡ್ ಅನ್ನೋದು ಶಿಕ್ಷೆ.

ನನ್ನ ಪುಣ್ಯಕ್ಕೆ ಎದುರು ಮನೆಯ ಅಜ್ಜ ಸಿಕ್ಕರು. ಅಂಚೆ ಹಂಚುವ ಕೆಲಸ ಮಾಡಿ ನಿವೃತ್ತರಾದವರು, ಊರಿನ ಇತಿಹಾಸ ಎಂದರೆ ಜೀವ. ಶನಿವಾರ ಬಂತೆಂದರೆ ತಮ್ಮ ಹಳೇ ಪಿಕಪ್ ತಂದು ನಿಲ್ಲಿಸಿ ಹಾರ್ನ್ ಹೊಡೆಯೋರು. ಹಳೇ ಕೋರ್ಟು, ಒಂದೇ ಕೋಣೆಯ ಶಾಲೆ, ಯಾವಾಗಲೋ ನಿಂತುಹೋದ ರೈಲು ಸ್ಟೇಷನ್ ಎಲ್ಲ ತೋರಿಸಿದರು. 1870ರ ಸುಮಾರಿಗೆ ಕಟ್ಟಿದ ಒಬ್ಬ ರೈತನ ಮನೆಯನ್ನು ಮ್ಯೂಸಿಯಂ ಮಾಡಿಟ್ಟಿದ್ದರು. ಬಾಗಿಲಲ್ಲಿ ಹಿತ್ತಾಳೆ ಫಲಕ, ಐದು ಡಾಲರ್ ಟಿಕೆಟ್ಟು. ಒಳಗೆ ಹಳೇ ಕಾಲದ ಉದ್ದ ಲಂಗ ತೊಟ್ಟ ಒಬ್ಬ ಅಜ್ಜಿ ನಿಂತು ಬೆಣ್ಣೆ ಕಡೆಯೋದು ಹೇಗೆ ಅಂತ ಹತ್ತು ನಿಮಿಷ ವಿವರಿಸಿದರು. ನಾನು ಗಂಭೀರವಾಗಿ ತಲೆ ಆಡಿಸಿದೆ. ನಮ್ಮ ಮನೆಯ ಅಟ್ಟದ ಮೇಲೆ ಇದಕ್ಕಿಂತ ಹಳೇ ಕಡಗೋಲು ಧೂಳು ತಿನ್ನುತ್ತಾ ಬಿದ್ದಿದೆ ಅಂತ ಮನಸ್ಸಿನಲ್ಲೇ ನಗು ಬಂದಿತ್ತು. ಆದರೆ ಅಜ್ಜಿಯ ಮುಖ ನೋಡಿದರೆ ನಗೋಕೆ ಆಗುತ್ತಿರಲಿಲ್ಲ. ಆ ಮನೆ ತನ್ನ ಮನೆಯೇ ಅನ್ನೋ ಹಾಗೆ ಹೇಳುತ್ತಿದ್ದರು.

ವಾಪಸ್ ಬರುವ ಹಿಂದಿನ ವಾರ ಅಜ್ಜ ಕೇಳಿದರು, "ನಿನ್ನ ಊರಿನಲ್ಲಿ ನೋಡೋದು ಏನಿದೆ?"

"ಏನೂ ಇಲ್ಲ" ಅಂದೆ.

ಅವರು ಸುಮ್ಮನೆ ನೋಡಿದರು. ಅದು ನನಗೇ ಸರಿ ಬರಲಿಲ್ಲವೇನೋ, "ಎರಡು-ಎರಡೂವರೆ ತಾಸು ಹೋದರೆ ಬಾದಾಮಿ, ಪಟ್ಟದಕಲ್ಲು ಇದೆ, ಸಾವಿರದ ಮುನ್ನೂರು-ನಾನೂರು ವರ್ಷ ಹಳೇದು" ಅಂತ ಸೇರಿಸಿದೆ. ಅಜ್ಜ ಬಿಡಲಿಲ್ಲ. "ಅದಲ್ಲ, ನಿನ್ನ ಊರಿನಲ್ಲಿ?"

ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಹುಟ್ಟಿ ಬೆಳೆದದ್ದು ಬನಹಟ್ಟಿ, ಪಿಯುಸಿ ಜಮಖಂಡಿ, ಇಂಜಿನಿಯರಿಂಗಿಗೆ ಹೊರಗೆ ಹೋದವನು ಆಮೇಲೆ ಬರೀ ಹಬ್ಬಕ್ಕೆ ಬಂದು ಹೋಳಿಗೆ ತಿಂದು ರಾತ್ರಿ ಬಸ್ ಹತ್ತಿದವನು. ಊರು ಎಂದರೆ ನನಗೆ ಇಳಿಯುವ ಸ್ಟಾಪು, ಅಷ್ಟೇ.

ಆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. 2025ರ ಬಸವ ಜಯಂತಿಗೆ ನಾಲ್ಕು ದಿನ ರಜೆ ಹೊಂದಿಸಿಕೊಂಡು ಪುಣೆಯಿಂದ ಹೊರಟೆ. ಈ ಸಲ ಹೋಳಿಗೆ ಎರಡನೇದು, ಊರು ಮೊದಲು ಅಂತ ತೀರ್ಮಾನ ಮಾಡಿದ್ದೆ (ಹೋಳಿಗೆಯನ್ನೂ ಬಿಡಲಿಲ್ಲ, ಆ ಮಾತು ಬೇರೆ :)).

ನಮ್ಮ ಕಡೆ ಬಾರದವರಿಗೆ ಸ್ವಲ್ಪ ಹೇಳುತ್ತೇನೆ. ರಬಕವಿ-ಬನಹಟ್ಟಿ ಎಂದರೆ ಬಾಗಲಕೋಟೆ ಜಿಲ್ಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಊರು, ಎರಡಕ್ಕೂ ಸೇರಿ ಒಂದೇ ನಗರಸಭೆ. ನೇಕಾರರ ಊರು. ರಾತ್ರಿ ಹನ್ನೊಂದಕ್ಕೆ ಬಸ್ ಇಳಿದರೂ ಓಣಿಯೊಳಗೆ ಪಾವರ್‌ಲೂಮ್ ಖಟರ್ ಖಟರ್ ಸದ್ದು ಕೇಳುತ್ತದೆ. ಹೊರಗಿನವರಿಗೆ ಆ ಸದ್ದಿಗೆ ನಿದ್ದೆ ಬರಲ್ಲ, ನಮಗೆ ಕರೆಂಟ್ ಹೋಗಿ ಮಗ್ಗ ನಿಂತರೆ ಎಚ್ಚರ ಆಗುತ್ತದೆ. ಶಾಲೆಯಿಂದ ಬಂದ ಕೂಡಲೇ ಅಜ್ಜಿಯ ಪಕ್ಕ ಕೂತು ಕಂಡಿಕಿ ಸುತ್ತುವುದು ನನ್ನ ಕೆಲಸವಾಗಿತ್ತು. ಅಜ್ಜ ಕೈಮಗ್ಗದ ಕುಣಿಯಲ್ಲಿ ಕಾಲಿಟ್ಟು ನೇಯ್ದವನು. ಅಪ್ಪ ನಾಲ್ಕು ಪಾವರ್‌ಲೂಮ್ ಹಾಕಿದ. ಈಗ ಎರಡಿವೆ. ಇನ್ನೆರಡನ್ನು ಗುಜರಿಯವನು ಕಿಲೋ ಲೆಕ್ಕದಲ್ಲಿ ಒಯ್ದ. ಆ ಜಾಗದಲ್ಲಿ ನನ್ನ ಸಂಬಳದ ದುಡ್ಡಿನ ಒಂದು ಕಾಟು, ಒಂದು ಫ್ರಿಜ್ಜು ಬಂದಿವೆ. ಇದರ ಬಗ್ಗೆ ಅಪ್ಪನಾಗಲಿ ನಾನಾಗಲಿ ಮಾತಾಡುವುದಿಲ್ಲ.

ಬೆಳಗ್ಗೆ ಬೈಕ್ ಒರೆಸುತ್ತಿದ್ದೆ. ಅಪ್ಪ ಬಂದು ನಿಂತ.

"ಎಲ್ಲಿಗೆ ಹೊಂಟಿ?"

"ಜಮಖಂಡಿ ನೋಡಾಕ."

"ಎರಡ ವರ್ಷ ಅಲ್ಲೇ ಕಲತೀ. ನೋಡೂದೇನೈತಿ ಅಲ್ಲಿ?"

ಅಯೋವಾದ ಕಥೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಡಿ, ಅಂಗಿ ಹಾಕ್ಕೊಂಡ ಬರ್ತೀನಿ" ಅಂದ. ನಾನು ಕರೆದಿರಲಿಲ್ಲ.

ಜಮಖಂಡಿ ನಮ್ಮಿಂದ ಬೈಕಿನಲ್ಲಿ ಅರ್ಧ ತಾಸು. 1811ರಿಂದ ಅದು ಪಟವರ್ಧನ ಮನೆತನದ ಸಂಸ್ಥಾನ. ಪೋಲೋ ಮೈದಾನದ ಪಕ್ಕದಲ್ಲಿ ನಾನು ಎರಡು ವರ್ಷ ಓಡಾಡಿದ್ದೇನೆ, ಅದಕ್ಕೆ ಪೋಲೋ ಅಂತ ಯಾಕೆ ಹೆಸರು ಅಂತ ಒಂದು ದಿನವೂ ಯೋಚಿಸಿರಲಿಲ್ಲ! ಊರ ಹೊರಗೆ ರಾಮತೀರ್ಥದ ಗುಡ್ಡ, ಅಲ್ಲಿ ಅರಮನೆ. ಬಿಸಿಲೇರುವ ಮುಂಚೆ ಅಲ್ಲಿಗೆ ಹೋದೆವು. ಹೊರಗಿನಿಂದ ನೋಡಿ, ಗುಡಿಗೆ ಕೈ ಮುಗಿದು, ಒಂದು ಗಿಡದ ನೆರಳಿಗೆ ಕೂತೆವು. ಫಲಕ, ಟಿಕೆಟ್ಟು, ಲಂಗ ತೊಟ್ಟ ಅಜ್ಜಿ ಯಾವುದೂ ನಮ್ಮ ಕಣ್ಣಿಗೆ ಬೀಳಲಿಲ್ಲ. ವಿವರಿಸುವ ಕೆಲಸ ಅಪ್ಪನ ಮೇಲೆ ಬಿತ್ತು.

"ಪುಣೇದಾಗ ಎಸ್.ಪಿ. ಕಾಲೇಜ ಐತಲ್ಲ, ಅದು ಇವರ ಹೆಸರಿಲೇ ಇರೂದು" ಅಂದ ಅಪ್ಪ.

ನಾನು ನಂಬಲಿಲ್ಲ. ಮೊಬೈಲ್ ತೆಗೆದು ನೋಡಿದೆ. ನಿಜ! ಪುಣೆಯ ತಿಲಕ್ ರೋಡಿನ ಸರ್ ಪರಶುರಾಮಭಾವು ಕಾಲೇಜು. 1916ರಲ್ಲಿ ನ್ಯೂ ಪೂನಾ ಕಾಲೇಜು ಅಂತ ಶುರುವಾದದ್ದು, ಆಮೇಲೆ ಜಮಖಂಡಿ ಸಂಸ್ಥಾನದ ದೇಣಿಗೆ ಬಂದ ಮೇಲೆ ಇಲ್ಲಿನ ರಾಜ ಪರಶುರಾಮರಾವ್ ಭಾವುಸಾಹೇಬ್ ಪಟವರ್ಧನರ ಹೆಸರು ಪಡೆಯಿತು. ಪುಣೆಯಲ್ಲಿ ನನ್ನ ಮೊದಲ ರೂಮು ಇದ್ದದ್ದು ಅದೇ ರೋಡಿನ ಹಿಂದಿನ ಗಲ್ಲಿಯಲ್ಲಿ. ಎರಡು ವರ್ಷ ದಿನಾ ಬೆಳಗ್ಗೆ ಆ ಗೇಟಿನ ಮುಂದೆ ನಿಂತು ಆಫೀಸ್ ಬಸ್ ಕಾದಿದ್ದೇನೆ. "ಯಾವೂರು?" ಅಂತ ಯಾರಾದರೂ ಕೇಳಿದರೆ "ಬಿಜಾಪುರದ ಕಡೆ" ಅನ್ನುತ್ತಿದ್ದೆ, ಜಮಖಂಡಿ ಅಂದರೆ ಇವರಿಗೇನು ಗೊತ್ತು ಅಂತ. ಹಿಂದಿನ ಗೋಡೆಯ ಮೇಲೆ ನಮ್ಮೂರ ರಾಜನ ಹೆಸರೇ ಇತ್ತು.

"ನೀ ಇದನ್ನ ಯಾವತ್ತೂ ಹೇಳೇ ಇಲ್ಲಲ್ಲಪಾ?"

"ನೀ ಯಾವತ್ತು ಕೇಳಿದ್ದಿ?"

ಆಮೇಲೆ ಕೇಳುತ್ತಲೇ ಹೋದೆ. ಗುರುದೇವ ರಾನಡೆ ಹುಟ್ಟಿದ್ದು ಜಮಖಂಡಿಯಲ್ಲೇ, 1886ರಲ್ಲಿ. ಇಲ್ಲಿನ ಹೈಸ್ಕೂಲಿನಲ್ಲಿ ಕಲಿತ ಹುಡುಗ ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದ, ಕೊನೆಗೆ ಇಂಡಿ ತಾಲೂಕಿನ ನಿಂಬಾಳಕ್ಕೆ ಬಂದು ನೆಲೆಸಿದ. ಬಿ.ಡಿ. ಜತ್ತಿಯವರ ಸಾವಳಗಿ ಇದೇ ತಾಲೂಕು. ಜಮಖಂಡಿಯಲ್ಲಿ ವಕೀಲಿ ಮಾಡಿ, ಪುರಸಭೆಯ ಅಧ್ಯಕ್ಷರಾಗಿ, ಸಂಸ್ಥಾನದ ಮಂತ್ರಿಯಾಗಿ, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, 1977ರಲ್ಲಿ ಐದು ತಿಂಗಳು ದೇಶದ ಹಂಗಾಮಿ ರಾಷ್ಟ್ರಪತಿಯೂ ಆದವರು. ಪುರಸಭೆಯಿಂದ ರಾಷ್ಟ್ರಪತಿ ಭವನದ ತನಕ! ನಮ್ಮ ಆಫೀಸಿನಲ್ಲಿ ಇಂಥ ಪ್ರಮೋಷನ್ ಯಾರಿಗೂ ಆಗಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ನಾವು ಈಗ ಒಂದು ದಿನದಲ್ಲಿ ಬೈಕಿನ ಮೇಲೆ ಸುತ್ತುವ ಊರುಗಳು ಸ್ವಾತಂತ್ರ್ಯದ ಮುಂಚೆ ಬೇರೆ ಬೇರೆ ಸರ್ಕಾರಗಳಲ್ಲಿದ್ದವು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಇಲ್ಲೇ ಮಗ್ಗುಲಿನ ತೇರದಾಳ ಸಾಂಗಲಿಯವರದು, ಬೀಳಗಿ ನೇರ ಬ್ರಿಟಿಷರ ಕೈಯಲ್ಲಿ. ಅತ್ತ ಹುಬ್ಬಳ್ಳಿ ಹತ್ತಿರದ ಕುಂದಗೋಳವೋ ಜಮಖಂಡಿಗೆ ಸೇರಿದ್ದು! ನಡುವೆ ಇಷ್ಟು ದೂರ, ಮ್ಯಾಪಿನಲ್ಲಿ ನೋಡಿದರೆ ಯಾರೋ ಕೈ ಜಾರಿ ಮಸಿ ಚೆಲ್ಲಿದ ಹಾಗೆ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ನಮ್ಮ ಮುತ್ತಜ್ಜನ ಮನೆ ಕಾಗದ ಮೋಡಿ ಲಿಪಿಯಲ್ಲಿದೆ. ಮನೆಯಲ್ಲಿ ಯಾರಿಗೂ ಓದಲು ಬರಲ್ಲ. ಅವ್ವ ಅದನ್ನು ರೇಷ್ಮೆ ಸೀರೆಯ ನಡುವೆ ಇಟ್ಟಿದ್ದಾಳೆ.

ಮಧ್ಯಾಹ್ನ ಒಂದು ಖಾನಾವಳಿಯಲ್ಲಿ ರೊಟ್ಟಿ, ಬದನೇಕಾಯಿ ಎಣ್ಣೆಗಾಯಿ ಉಂಡು ಮನೆಗೆ ಹೋಗೋಣ ಅಂದುಕೊಂಡಿದ್ದೆ. ಅಪ್ಪ, "ಚಿಕ್ಕಪಡಸಲಗಿಗೆ ಹೋಗೂಣು ನಡಿ" ಅಂದ.

ಅಲ್ಲಿ ಕೃಷ್ಣಾ ನದಿಗೆ ಅಡ್ಡಲಾಗಿ ಶ್ರಮಬಿಂದು ಸಾಗರ ಇದೆ. ಕೇಳಿರದವರು ಇದನ್ನು ಗಮನವಿಟ್ಟು ಓದಿ. 1989ರಲ್ಲಿ ಸರ್ಕಾರದ ದಾರಿ ಕಾಯದೆ ಈ ಭಾಗದ ರೈತರು ತಾವೇ ಸಂಘ ಕಟ್ಟಿ, ತಾವೇ ದುಡ್ಡು ಹಾಕಿ, ತಾವೇ ಕಲ್ಲು-ಮಣ್ಣು ಹೊತ್ತು ಕಟ್ಟಿದ ಬ್ಯಾರೇಜು ಅದು. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ಅವರಿಗೆ ಬ್ಯಾರೇಜ್ ಸಿದ್ದು ಅಂತಲೇ ಹೆಸರಾಯಿತು. 1991ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆಗೆ ಬಂದು ನಿಂತ ರಾಮಕೃಷ್ಣ ಹೆಗಡೆಯವರಂಥ ಹೆಗಡೆಯವರನ್ನೇ ಸೋಲಿಸಿ ದೆಹಲಿಗೆ ಹೋದರು, ಕೇಂದ್ರದಲ್ಲಿ ಮಂತ್ರಿಯೂ ಆದರು. 2018ರ ಮೇ ತಿಂಗಳಲ್ಲಿ, ಜಮಖಂಡಿಯಿಂದ ಶಾಸಕರಾಗಿ ಗೆದ್ದ ಕೆಲವೇ ದಿನಕ್ಕೆ, ತುಳಸಿಗೇರಿ ಹತ್ತಿರ ಕಾರು ಅಪಘಾತದಲ್ಲಿ ತೀರಿಕೊಂಡರು.

ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ. ಬ್ಯಾರೇಜಿನ ಮೇಲೆ ನಡೆಯುತ್ತಾ ಅರ್ಧಕ್ಕೆ ಬಂದಾಗ ಅಪ್ಪ ನಿಂತು ಬಗ್ಗಿ ನೋಡತೊಡಗಿದ.

"ನಾನೂ ಬಂದಿದ್ದೆ ಇದಕ್ಕ."

"ಯಾವುದಕ್ಕ?"

"ಕಲ್ಲ ಹೊರಾಕ. ನಮ್ಮ ಗೆಳೆಯಾಗ ಹೊಲ ಇತ್ತು ಈ ಕಡೆ. ಅವ ಕರದ. ಮಗ್ಗ ಬಿಟ್ಟ ಬಂದು ಮೂರ ದಿನ ಇದ್ದೆ. ಮನ್ಯಾಗ ನಿಮ್ಮ ಅಜ್ಜ ಒದರ್ಯಾಡಿದ್ದ, ನಮಗ ಒಂದ ಗುಂಟೆ ಹೊಲ ಇಲ್ಲ, ನಿಂದೇನ್ ಕೆಲಸ ಅಲ್ಲಿ ಅಂತ."

"ಮತ್ತ ಯಾಕ ಬಂದಿದ್ದಿ?"

ಅಪ್ಪ ಹೆಗಲು ಕುಣಿಸಿದ. "ಎಲ್ಲಾರೂ ಬಂದಿದ್ರು."

"ನಿನ್ನ ಕಲ್ಲ ಯಾವುದು?"

"ನೀರಾಗ ಐತಿ" ಅಂದು ನಕ್ಕ. ಅಪ್ಪ ಹಾಗೆ ನಕ್ಕಿದ್ದನ್ನು ನಾನು ನೋಡಿ ಬಹಳ ವರ್ಷವಾಗಿತ್ತು. ಆಗ ಅವನಿಗೆ ಇಪ್ಪತ್ತೆರಡು ವಯಸ್ಸು. ಅಂದರೆ ಈಗಿನ ನನಗಿಂತ ಆರು ವರ್ಷ ಚಿಕ್ಕವನು. ನಾನು ಇಪ್ಪತ್ತೆರಡಕ್ಕೆ ಕ್ಯಾಂಪಸ್ ಇಂಟರ್‌ವ್ಯೂಗೆ ಟೈ ಕಟ್ಟುವುದು ಕಲಿಯುತ್ತಿದ್ದೆ.

ಎರಡನೇ ದಿನ ಮುಧೋಳ. ಹೋಗುವ ದಾರಿ ಮಹಾಲಿಂಗಪುರದ ಮೇಲೆ. ಮಹಾಲಿಂಗೇಶ್ವರನಿಗೆ ಕೈ ಮುಗಿದು, ಬೆಲ್ಲದ ಪೇಟೆಯ ವಾಸನೆ ಕುಡಿದು ಮುಂದೆ ಹೊರಟೆವು. ಮುಧೋಳ ಅಂದರೆ ನಿಮಗೆಲ್ಲ ನಾಯಿ ನೆನಪಾಗುತ್ತದೆ, ಇರಲಿ, ಅದನ್ನು ಮೊದಲು ಮುಗಿಸುತ್ತೇನೆ. ಉದ್ದ ಮೂತಿ, ಬೆನ್ನಿಗೆ ಹತ್ತಿದ ಹೊಟ್ಟೆ, ಓಡಲೆಂದೇ ಹುಟ್ಟಿದ ಕಾಲು. ಮುಧೋಳದ ಘೋರ್ಪಡೆ ರಾಜರು ಈ ತಳಿಯನ್ನು ಬೆಳೆಸಿದರು. ಬ್ರಿಟನ್ನಿನ ಐದನೇ ಜಾರ್ಜ್ ದೊರೆಗೆ ಜೋಡಿ ಮರಿ ಕೊಟ್ಟರು ಅಂತ ಇಲ್ಲಿ ಪ್ರತಿಯೊಬ್ಬರೂ ಹೇಳುತ್ತಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಮರಿಗಳು ಸೈನ್ಯದ ತರಬೇತಿಗೆ ಮೀರತ್ತಿಗೆ ಹೋದವು. ಹತ್ತಿರದ ತಿಮ್ಮಾಪುರದಲ್ಲಿ ಇದರ ಸಂಶೋಧನಾ ಕೇಂದ್ರವೇ ಇದೆ. ನಾವು ಅಪ್ಪನ ಪರಿಚಯದ ಒಬ್ಬರ ತೋಟಕ್ಕೆ ಹೋದೆವು, ಎರಡು ನಾಯಿ ಇದ್ದವು. ಅಪ್ಪನಿಗೆ ನಾಯಿ ಎಂದರೆ ಆಗದು, ಬೈಕ್ ಇಳಿಯಲೇ ಇಲ್ಲ. "ಸೈನ್ಯದಾಗಿನ ನಾಯಿ ಅಂದಮ್ಯಾಲೆ ಶಿಸ್ತ ಇರಬೇಕಲಾ, ಇದೇನ್ ಮೂಸಾಕತ್ತೈತಿ" ಅಂತ ಮೇಲಿಂದಲೇ ತಕರಾರು :)

ಘೋರ್ಪಡೆ ಅನ್ನುವ ಹೆಸರಿನಲ್ಲೂ ಒಂದು ಪ್ರಾಣಿ ಇದೆ. ಮರಾಠಿಯಲ್ಲಿ ಘೋರ್ಪಡ ಎಂದರೆ ಉಡ. ಬಹಮನಿ ಕಾಲದಲ್ಲಿ ಈ ಮನೆತನದ ಹಿರಿಯನೊಬ್ಬ ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ ಅನ್ನೋದು ಕಥೆ.

ನನಗೆ ಮುಧೋಳ ಅಂದರೆ ರನ್ನ. ಹತ್ತನೇ ಶತಮಾನದಲ್ಲಿ ಈ ಊರಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗ. ವಿದ್ಯೆಯ ಹುಚ್ಚಿಗೆ ಶ್ರವಣಬೆಳಗೊಳದ ತನಕ ಹೋದ, ಅಜಿತಸೇನಾಚಾರ್ಯರ ಶಿಷ್ಯನಾದ, ಚಾವುಂಡರಾಯನ ಆಸರೆ ಪಡೆದ. ಆಮೇಲೆ ಚಾಲುಕ್ಯರ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. 993ರಲ್ಲಿ ಅತ್ತಿಮಬ್ಬೆಗಾಗಿ ಅಜಿತಪುರಾಣ ಬರೆದ. ಗದಾಯುದ್ಧವಂತೂ ನಿಮಗೆಲ್ಲ ಗೊತ್ತೇ ಇದೆ. ಮುಧೋಳದಿಂದ ಬೆಳಗೊಳಕ್ಕೆ ನಡೆದು, ಓದು ಮುಗಿಸಿ, ದೊಡ್ಡ ಊರಿನಲ್ಲಿ ನೌಕರಿ ಹಿಡಿದವನು. ನಮ್ಮ ಕಡೆಯಿಂದ ಹೊರಗೆ ಕಲಿಯಲು ಹೋದ ಮೊದಲ ಹುಡುಗ ಅವನೇ ಇರಬೇಕು. ಅವನು ಹಬ್ಬಕ್ಕಾದರೂ ಊರಿಗೆ ಬರುತ್ತಿದ್ದನೋ ಇಲ್ಲವೋ. ಮನೆಯವರು ಬಳೆ ಮಾರುವುದನ್ನು ಮುಂದುವರಿಸಿದರೋ, ಬಿಟ್ಟರೋ.

ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ಪೇಟೆಯಲ್ಲಿ ಬೈಕ್ ನಿಲ್ಲಿಸು ಅಂದು, ಬಳೆ ಅಂಗಡಿಗೆ ಹೋಗಿ ಅವ್ವನಿಗೆ ಎರಡು ಡಜನ್ ಹಸಿರು ಬಳೆ ತಂದ. ಅಳತೆ ಬಾಯಿಪಾಠ ಇತ್ತು ಅವನಿಗೆ.

ಅಲ್ಲಿಂದ ಹಲಗಲಿ. ಮುಧೋಳ ತಾಲೂಕಿನದೇ ಹಳ್ಳಿ. ಶಾಲೆಯ ಕನ್ನಡ ಪುಸ್ತಕದಲ್ಲಿ ಹಲಗಲಿ ಬೇಡರ ಲಾವಣಿ ಓದಿ ಪರೀಕ್ಷೆಯಲ್ಲಿ ಅಂಕ ತೆಗೆದವನು ನಾನು. ಆ ಹಲಗಲಿ ನಮ್ಮ ಮನೆಯಿಂದ ಬೈಕಿನಲ್ಲಿ ಹೋಗುವಷ್ಟು ಹತ್ತಿರ ಅಂತ ಆಗ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ನಾನು ಕೇಳಿರಲಿಕ್ಕಿಲ್ಲ. 1857ರಲ್ಲಿ ಕಂಪನಿ ಸರ್ಕಾರ ಜನರ ಕೈಯಿಂದ ಆಯುಧ ಕಸಿಯುವ ಕಾಯ್ದೆ ತಂದಾಗ ಇಲ್ಲಿನ ಬೇಡರು ಒಪ್ಪಲಿಲ್ಲ. ಕತ್ತಿ, ಬಂದೂಕು ಅವರಿಗೆ ಬರೀ ಸಾಮಾನಲ್ಲ, ಹೊಟ್ಟೆಪಾಡು ಮತ್ತು ಮರ್ಯಾದೆ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಸುತ್ತುವರಿದು ಬೆಂಕಿ ಇಟ್ಟಿತು. ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೇರಿಸಿದರು, ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಅವರದೇ ಊರಿನಲ್ಲಿ, ಅವರ ಮಂದಿಯ ಕಣ್ಣೆದುರು.

ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್, ಬ್ರಿಟಿಷ್ ಸರ್ಕಾರದ್ದೇ ಅಧಿಕಾರಿ. ಊರು ಸುಟ್ಟವರ ಪೈಕಿಯವರೇ ಊರಿನ ಹಾಡನ್ನೂ ಉಳಿಸಿದರು. ಇದಕ್ಕೆ ಏನನ್ನಬೇಕೋ ನನಗೆ ತಿಳಿಯದು. ಆ ಹಾಡಿನಲ್ಲಿ ಲೂಟಿಯಾದ ಸಾಮಾನಿನ ಪಟ್ಟಿ ಇದೆ, ಉಪ್ಪು ಎಣ್ಣೆಯಿಂದ ಹಿಡಿದು ಬೀಸುವ ಕಲ್ಲಿನ ತನಕ. ಹುಡುಗನಾಗಿದ್ದಾಗ ಆ ಪಟ್ಟಿ ಕಂಠಪಾಠ ಮಾಡುವುದು ಬೇಜಾರು. ಹಲಗಲಿಯ ಓಣಿಯಲ್ಲಿ ಒಬ್ಬಾಕೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಾ ಕೂತಿದ್ದಳು. ಕುಡಿಯಲು ನೀರು ಕೊಟ್ಟಳು, "ಯಾವೂರವ್ರು?" ಅಂತ ಕೇಳಿದಳು. ಅವಳ ಹಿಂದೆ ಗೋಡೆಗೆ ಒರಗಿಸಿದ ಬೀಸುವ ಕಲ್ಲು ಇತ್ತು. ಆಗ ಅರ್ಥವಾಯಿತು, ಅದು ಪಟ್ಟಿಯಲ್ಲ, ಒಂದು ಮನೆ ಅಂತ.

ಲೆಕ್ಕ ಹಾಕಿದರೆ ಅಯೋವಾದ ಆ ಫಲಕದ ಮನೆಗಿಂತ ಇದು ಹತ್ತಾರು ವರ್ಷ ಹಿಂದಿನ ಸಂಗತಿ.

ಸಂಜೆ ತೇರದಾಳಕ್ಕೂ ಹೋಗಿಬಂದೆವು. ಅಲ್ಲಮಪ್ರಭು ಗುಡಿಯ ಜಾತ್ರೆಗೆ ಹುಡುಗನಾಗಿದ್ದಾಗ ಹೋಗಿ ಮಿರ್ಚಿ ಭಜಿ ತಿಂದದ್ದೇ ನೆನಪು. ಅದೇ ಊರಿನಲ್ಲಿ ಗೊಂಕ ಎಂಬ ಮಾಂಡಲಿಕ 12ನೇ ಶತಮಾನದಲ್ಲಿ ಕಟ್ಟಿಸಿದ ನೇಮಿನಾಥ ಬಸದಿ ಇದೆ ಅಂತ ಈಗ ಗೊತ್ತಾಯಿತು. ಕತ್ತಲಾಗಿತ್ತು, ಸರಿಯಾಗಿ ನೋಡಲಾಗಲಿಲ್ಲ. ಇನ್ನೊಮ್ಮೆ.

ಮೂರನೇ ದಿನ ಬೀಳಗಿ. ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಅವ್ವನ ತವರು ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿನ ಒಂದು ಹಳ್ಳಿ. ಇತ್ತು. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ನಮ್ಮ ಜಿಲ್ಲೆಯಲ್ಲಿ ಮುಳುಗಡೆ ಅನ್ನುವ ಪದ ಗೊತ್ತಿಲ್ಲದ ಮಗುವಿಲ್ಲ, ಬಾಗಲಕೋಟೆ ಪಟ್ಟಣದ ಅರ್ಧವೇ ಮುಳುಗಿ ನವನಗರ ಎದ್ದದ್ದು. ಊರು ಬಿಟ್ಟಾಗ ನನಗೆ ನಾಲ್ಕು ವರ್ಷ. ಒಂದೇ ನೆನಪು: ಟ್ರ್ಯಾಕ್ಟರಿನ ಮೇಲೆ ಒಂದು ಬಾಗಿಲು ಮಲಗಿತ್ತು, ಅದರ ಮೇಲೆ ಅಜ್ಜಿ ಕೂತಿದ್ದಳು.

ಅದಾದ ಮೇಲೆ ಅವ್ವ ಆ ಜಾಗಕ್ಕೆ ಹೋಗಿರಲಿಲ್ಲ. ಪುನರ್ವಸತಿ ಕೇಂದ್ರದಲ್ಲಿರುವ ಮಾವನ ಮನೆಗೆ ಹೋಗುತ್ತಿದ್ದಳು, ಬರುತ್ತಿದ್ದಳು. ನೀರಿನ ಕಡೆ ಹೋಗುತ್ತಿರಲಿಲ್ಲ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಕೇಳಿದೆ, "ಅವ್ವಾ, ನಾಳೆ ನಿನ್ನ ಊರ ನೋಡಾಕ ಹೋಗೂಣೇನು?"

"ನೀರ ನೋಡಾಕ ಅಷ್ಟ ದೂರ ಯಾಕ ಹೋಗಬೇಕೋ" ಅಂದಳು. ರೊಟ್ಟಿ ತಟ್ಟುವ ಸದ್ದು ಸ್ವಲ್ಪ ಜೋರಾಯಿತು. ಬೆಳಗ್ಗೆ ನೋಡಿದರೆ ಬುತ್ತಿ ಕಟ್ಟಿದ್ದಳು.

ಬಾಡಿಗೆ ಕಾರು ಮಾಡಿಕೊಂಡು ಮೂವರೂ ಹೋದೆವು. ಬೀಳಗಿಯಲ್ಲಿ ಅರೆತ್ತಿನ ಬಾವಿ ನೋಡಿದೆವು, ಹಳೇ ಕಾಲದ ದೊಡ್ಡ ಕಲ್ಲಿನ ಬಾವಿ. ಅವ್ವ ಚಿಕ್ಕವಳಿದ್ದಾಗ ಸಂತೆಗೆ ಬಂದರೆ ಇದನ್ನು ಇಣುಕಿ ನೋಡಿ ಹೋಗುತ್ತಿದ್ದಳಂತೆ. ದಾರಿಯಲ್ಲಿ ಗಲಗಲಿಯ ಮಾತು ಬಂತು, ಗಲಗಲಿ ಅವ್ವ ಅನ್ನುವ ಹರಿದಾಸಿಯ ಊರು. ಆ ಊರಿಗೂ ನೀರಿನ ಕಥೆ ತಪ್ಪಿಲ್ಲ. ಆಮೇಲೆ ಮಾವನ ಮನೆ. ಸಾಲು ಸಾಲು ಒಂದೇ ಅಳತೆಯ ಪ್ಲಾಟುಗಳ ನಡುವೆ ಮಾವನ ಮನೆಯೊಂದು ಬೇರೆ ಕಾಣುತ್ತದೆ. ಸಿಮೆಂಟಿನ ಸಣ್ಣ ಮನೆಗೆ ಸಾಗವಾನಿಯ ಭಾರೀ ಬಾಗಿಲು, ಕೆತ್ತಿದ ಚೌಕಟ್ಟು. ನಾನು ಟ್ರ್ಯಾಕ್ಟರಿನ ಮೇಲೆ ನೋಡಿದ ಬಾಗಿಲು. ಗೋಡೆಗಿಂತ ಬಾಗಿಲೇ ದೊಡ್ಡದಾಗಿ ಕಾಣುತ್ತದೆ, ಮಗನ ಅಂಗಿ ಹಾಕಿಕೊಂಡ ಮನೆಯ ಹಾಗೆ.

ಮಾವ ಜೊತೆಗೆ ಬಂದ. ಬೇಸಿಗೆಯಾದ್ದರಿಂದ ನೀರು ಬಹಳ ಹಿಂದೆ ಸರಿದಿತ್ತು. ಬಿರುಕು ಬಿಟ್ಟ ಕರೀ ಮಣ್ಣು, ಅಲ್ಲಲ್ಲಿ ಗೋಡೆಯ ಬುಡ, ದೂರದಲ್ಲಿ ಮಿಂಚುವ ನೀರು. ನನ್ನ ಕಣ್ಣಿಗೆ ಎಲ್ಲ ಒಂದೇ ಥರದ ಕಲ್ಲುಗಳ ರಾಶಿ. ಅವ್ವ ಐದು ನಿಮಿಷ ಸುಮ್ಮನೆ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸರಸರ ನಡೆದಳು, ಯಾರನ್ನೂ ದಾರಿ ಕೇಳದೆ.

"ಇದು ಅಗಸಿ. ಇಲ್ಲೇ ಹನಮಪ್ಪನ ಗುಡಿ. ಇದು ನಮ್ಮ ಓಣಿ. ಇದು ಗೌಡರ ಕಟ್ಟಿ." ಒಂದು ಕಡೆ ನಿಂತು ಚಪ್ಪಲಿ ಬಿಟ್ಟಳು. "ಇದು ನಮ್ಮ ಮನಿ."

ನಾಲ್ಕು ಸಾಲು ಕಲ್ಲು. ಅವ್ವ ಇಲ್ಲದ ಹೊಸ್ತಿಲನ್ನು ಕಾಲೆತ್ತಿ ದಾಟಿದಳು! "ಇದು ದಂದಕ್ಕಿ, ಎತ್ತು ಇಲ್ಲಿ ಕಟ್ಟೂದು. ಇದು ಪಡಸಾಲಿ. ಇದು ಅಡಗಿ ಮನಿ." ಹಾಗೇ ಮುಂದೆ ಹೋಗಿ ಒಂದು ತಗ್ಗಿನ ಮುಂದೆ ಕೂತಳು. ಅರ್ಧ ಹೂಳು ತುಂಬಿದ ಹಗೇವು. ಗೊತ್ತಿಲ್ಲದವರಿಗೆ, ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕಣಜ.

"ನಾ ಸಣ್ಣಾಕಿದ್ದೆ ನೋಡು, ನನ್ನ ಇದರಾಗ ಇಳಸತಿದ್ರು. ಮೊದಲ ದೀಪ ಬಿಡೂದು. ದೀಪ ಆರಿದ್ರ ಗಾಳಿ ಕೆಟ್ಟೈತಿ ಅಂತ. ಆರಲಿಲ್ಲಂದ್ರ ನಾ ಇಳಿಯೂದು. ಪುಟ್ಟಿ ತುಂಬಿ ಕೊಟ್ರ ಅಪ್ಪ ಮ್ಯಾಲೆ ಜಗ್ಗತಿದ್ದ. ಒಳಗ ಬೆಚ್ಚಗ ಇರತಿತ್ತು. ಜೋಳದ ವಾಸನಿ. ಒಮ್ಮೆ ಅಲ್ಲೇ ನಿದ್ದಿ ಹೋಗಿದ್ದೆ..."

ಅವ್ವ ಹೇಳುತ್ತಲೇ ಇದ್ದಳು. ಇಷ್ಟು ಮಾತಾಡುವ ಅವ್ವನನ್ನು ನಾನು ನೋಡಿರಲಿಲ್ಲ. ಅಪ್ಪ ತಲೆಯ ಮೇಲೆ ಟವೆಲ್ ಹಾಕಿಕೊಂಡು, ಎಲ್ಲ ಗೊತ್ತಿದ್ದವನ ಹಾಗೆ ಹೂಂಗುಟ್ಟುತ್ತಾ ನಿಂತಿದ್ದ. ಅಯೋವಾದ ಬೆಣ್ಣೆ ಕಡೆಯುವ ಅಜ್ಜಿಯ ಮುಖ ನೆನಪಾಯಿತು.

ಮಾವ ಹೇಳಿದ, "ಈಗ ಡ್ಯಾಮಿನ್ಯಾಗ 519.6 ಮೀಟರ್ ನಿಲ್ಲಸತಾರ. 524 ಮಾಡತಾರಂತ. ಹಂಗ ಆದ್ರ ನನ್ನ ಉಳದ ಹೊಲಾನೂ ಹೋಗತೈತಿ." ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಎತ್ತರಕ್ಕೆ ಒಪ್ಪಿಗೆ ಕೊಟ್ಟಿದೆ. ಹದಿನೈದು ವರ್ಷದಿಂದ ಈ ಸುತ್ತಿನ ಮಂದಿ ಮನೆಗೆ ಸುಣ್ಣ ಹಚ್ಚಬೇಕೋ ಬೇಡವೋ, ಬೋರ್ ಕೊರೆಸಬೇಕೋ ಬೇಡವೋ ಅಂತ ಕಾಯುತ್ತಿದ್ದಾರೆ. ನೀರು ಬೇಡ ಅಂತ ಮಾವನೂ ಅನ್ನುವುದಿಲ್ಲ. ಮೇಲಿನ ಕಡೆ ನನ್ನ ಅಪ್ಪ ನೀರು ನಿಲ್ಲಿಸಲು ಕಲ್ಲು ಹೊತ್ತ, ಕೆಳಗಿನ ಕಡೆ ನನ್ನ ಅವ್ವನ ಮನೆ ನಿಂತ ನೀರಿನಲ್ಲಿ ಹೋಯಿತು. ನದಿ ಒಂದೇ. ಇದರಲ್ಲಿ ಯಾರ ಪರ ನಿಲ್ಲಬೇಕು ಅಂತ ನನ್ನನ್ನು ಕೇಳಬೇಡಿ.

ಹೊರಡುವಾಗ ಅವ್ವ ದ್ಯಾಮವ್ವನ ಕಟ್ಟೆ ಇದ್ದ ಜಾಗಕ್ಕೆ ಹೋದಳು. ದೇವಿಯ ಮೂರ್ತಿ ಹೊಸ ಊರಿಗೆ ಹೋಗಿದೆ, ಅಲ್ಲಿರುವುದು ನಾಲ್ಕು ಕಲ್ಲು ಮಾತ್ರ. ಚೀಲದಿಂದ ಕುಪ್ಪಸದ ಕಣ, ಕಾಯಿ, ಮುಧೋಳದ ಹಸಿರು ಬಳೆಯಲ್ಲಿ ಒಂದು ಡಜನ್ ತೆಗೆದು ಉಡಿ ತುಂಬುವ ಹಾಗೆ ಕಲ್ಲಿನ ಮೇಲಿಟ್ಟಳು. ಇನ್ನೊಂದು ಡಜನ್ ಅವಳ ಕೈಯಲ್ಲಿತ್ತು.

"ಮಳಿಗಾಲಕ್ಕ ನೀರ ಬಂದ ಒಯ್ತತೈತೆವ್ವಾ" ಅಂದ ಮಾವ.

"ಒಯ್ಯಲಿ ಬಿಡು. ಆಕೀಗೇ ಕೊಟ್ಟದ್ದು."

ಪುಣೆಗೆ ಬಂದ ಮೇಲೆ ಎದುರು ಮನೆಯ ಅಜ್ಜನಿಗೆ ಮೇಲ್ ಬರೆದೆ. ನಮ್ಮೂರಲ್ಲಿ ನೋಡೋದು ಏನಿದೆ ಅಂತ ಕೇಳಿದ್ದಿರಲ್ಲ, ಇಲ್ಲಿದೆ ನೋಡಿ ಅಂತ ಒಂದು ಫೋಟೋ ಕಳಿಸಿದೆ. ಬಯಲಲ್ಲಿ ಬರಿಗಾಲಲ್ಲಿ ನಿಂತ ಅವ್ವ, ಕೈ ಚಾಚಿ ಏನೋ ತೋರಿಸುತ್ತಿದ್ದಾಳೆ, ಹಿಂದೆ ನೀರು. ಮರುದಿನವೇ ಉತ್ತರ ಬಂತು. ತುಂಬಾ ಚೆನ್ನಾಗಿದೆ, ನಿನ್ನ ತಾಯಿಯೇ? ಅವರು ಯಾವ ಕಟ್ಟಡ ತೋರಿಸುತ್ತಿದ್ದಾರೆ, ಫೋಟೋದಲ್ಲಿ ಕಾಣುತ್ತಿಲ್ಲವಲ್ಲ ಅಂತ ಕೇಳಿದ್ದಾರೆ.

ವಾರವಾಯಿತು. ಇಂಗ್ಲಿಷಿನಲ್ಲಿ ಹಗೇವಿಗೆ ಏನಂತಾರೆ ಅಂತ ಹುಡುಕುತ್ತಿದ್ದೇನೆ.